ಇನ್ನೂರು ಕಡೆ ಅರ್ಜಿ ಹಾಕಿದ್ದೇನೆ, ಉತ್ತರವೇ ಇಲ್ಲ: ಸೋಶಿಯಲ್ ಮೀಡಿಯಾದಿಂದ ನಿಜಕ್ಕೂ ಕೆಲಸ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. 2023ರಲ್ಲಿ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದೆ. ಹುಬ್ಬಳ್ಳಿಯ ಒಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕತ್ತರಿಸುವ ಮೆಷಿನ್) ವರ್ಕ್‌ಶಾಪಿನಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದೆ. ಅಪ್ಪನಿಗೆ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಕೆಲಸ ಬಿಟ್ಟು ಊರಿಗೆ ಬಂದೆ. ಈಗ ಅಪ್ಪ ಹುಷಾರಾಗಿದ್ದಾರೆ. ಏಳು ತಿಂಗಳಿಂದ ಕೆಲಸ ಹುಡುಕುತ್ತಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ 'ಈಸಿ ಅಪ್ಲೈ' ಒತ್ತಿದ್ದೇನೆ. ಎರಡು ಕಡೆಯಿಂದ ಆಯ್ಕೆಯಾಗಿಲ್ಲ ಅಂತ ಬಂತು, ಉಳಿದವರ ಸುದ್ದಿಯೇ ಇಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ಒಬ್ಬರು 2,500 ರೂಪಾಯಿ ರಿಜಿಸ್ಟ್ರೇಷನ್ ಕಟ್ಟಿದರೆ ಬಿಡದಿಯಲ್ಲಿ ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಬಿ.ಕಾಂ. ಮುಗಿಸಿರುವ ನನ್ನ ಚಿಕ್ಕಪ್ಪನ ಮಗಳಿಗೆ ಮನೆಯಿಂದಲೇ ಡೇಟಾ ಎಂಟ್ರಿ ಕೆಲಸ ಅಂತ ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಬರುತ್ತಿದೆ. ಇದರಿಂದೆಲ್ಲ ಕೆಲಸ ಸಿಗುವುದು ಬೆಂಗಳೂರಿನ ಸಾಫ್ಟ್‌ವೇರ್‌ನವರಿಗೆ ಮಾತ್ರವಾ? ನನಗೆ ಇಂಗ್ಲಿಷಿನಲ್ಲಿ ಬರೆಯಲು ಧೈರ್ಯ ಸಾಲದು. ಏನು ಮಾಡಲಿ?

ಉತ್ತರ: ಮೊದಲಿಗೆ, ಆ 2,500 ರೂಪಾಯಿ ಕಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇವತ್ತು ಸಂಜೆಯೊಳಗೆ ಕಟ್ಟಿ ಅಂತ ಅವರು ಅವಸರ ಮಾಡುತ್ತಿದ್ದರೂ ಕಟ್ಟಬೇಡಿ.

ಇನ್ನು ನಿಮ್ಮ ವಿಷಯ. ನೀವು ಹದಿನಾಲ್ಕು ತಿಂಗಳು ಮೆಷಿನ್ ಮುಂದೆ ನಿಂತು ಕೆಲಸ ಮಾಡಿದ್ದೀರಿ. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಯಾವ ಮೆಷಿನ್, ಯಾವ ಕಂಟ್ರೋಲ್, ಬರೀ ಆಪರೇಟರ್ ಆಗಿದ್ದಿರಾ, ಸೆಟ್ಟಿಂಗ್ (ಹೊಸ ಪಾರ್ಟಿಗೆ ಮೆಷಿನ್ ಹೊಂದಿಸುವುದು) ಮಾಡುತ್ತಿದ್ದಿರಾ, ಪ್ರೋಗ್ರಾಂ ತಿದ್ದುತ್ತಿದ್ದಿರಾ, ಒಂದೂ ಇಲ್ಲ. ಲಿಂಕ್ಡ್‌ಇನ್ ಪ್ರೊಫೈಲಿನಲ್ಲೂ ಹೀಗೇ ಬರೆದಿರುತ್ತೀರಿ ಅಂತ ನನಗೆ ಅನ್ನಿಸುತ್ತಿದೆ. ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ.

ನಾನು ಹಲವು ವರ್ಷ ಬೆಂಗಳೂರಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ಜನರನ್ನು ಆರಿಸುವ ಕೆಲಸದಲ್ಲಿದ್ದವಳು. ಆ ಬಟನ್ ಒತ್ತಿದ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ. ಒಂದು ಪ್ರೊಡಕ್ಷನ್ ಎಂಜಿನಿಯರ್ ಹುದ್ದೆಗೆ ಜಾಹೀರಾತು ಹಾಕಿದರೆ ಎರಡೇ ದಿನದಲ್ಲಿ ನೂರಾರು ಅರ್ಜಿ ಬಂದು ಬೀಳುತ್ತವೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕೆಲಸಕ್ಕೆ ಸಂಬಂಧವೇ ಇಲ್ಲದವರದ್ದು. ಒಂದು ಬಟನ್ ಒತ್ತಿದರೆ ಸಾಕಲ್ವಾ, ಎಲ್ಲರೂ ಒತ್ತುತ್ತಾರೆ. ಎಚ್‌ಆರ್‌ನವರಿಗೆ ಎಲ್ಲವನ್ನೂ ಓದುವಷ್ಟು ಸಮಯ ಇರುವುದಿಲ್ಲ. ಮೊದಲು ಬಂದ ಕೆಲವನ್ನು ತೆರೆಯುತ್ತಾರೆ. ಇಲ್ಲವೇ ತಮಗೆ ಬೇಕಾದ ಪದ ಹಾಕಿ ಹುಡುಕುತ್ತಾರೆ. ಅಷ್ಟರಲ್ಲಿ ಶಾಪ್ ಫ್ಲೋರಿನ ಯಾರಾದರೂ ಬಂದು, 'ಮೇಡಂ, ನಮ್ಮ ಹುಡುಗ ಒಬ್ಬ ಇದ್ದಾನೆ, ಕೆಲಸ ಗೊತ್ತು' ಅಂದರೆ ಮೊದಲ ಇಂಟರ್ವ್ಯೂ ಅವನದ್ದೇ. ನಿಮ್ಮ ಇನ್ನೂರು ಅರ್ಜಿಗಳಲ್ಲಿ ಬಹುಪಾಲನ್ನು ಯಾರೂ ತೆರೆದೇ ಇರುವುದಿಲ್ಲ. ಹಾಗಾಗಿ ಉತ್ತರ ಬರಲಿಲ್ಲ ಅಂದರೆ ನಿಮ್ಮನ್ನು ನೋಡಿ ಬೇಡ ಅಂದರು ಅಂತ ತಿಳಿಯಬೇಡಿ. ಏಳು ತಿಂಗಳು ಹಾಗೆ ಅಂದುಕೊಂಡು ಮನಸ್ಸು ಕುಗ್ಗಿಸಿಕೊಂಡವರನ್ನು ನಾನು ತುಂಬ ನೋಡಿದ್ದೇನೆ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸೋಶಿಯಲ್ ಮೀಡಿಯಾದಿಂದ ಕೆಲಸ ಸಿಗುತ್ತದೆ, ನಿಮಗೂ ಸಿಗುತ್ತದೆ. ಆದರೆ ಸಿಗುವುದು ಜನರ ಮೂಲಕ. ಯಾವ ಜನ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ. ಉಳಿದವರಿಗೆಲ್ಲ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ವರ್ಷಕ್ಕೊಮ್ಮೆ ಮುಖ ನೋಡುವವರಿಂದ ಸಿಕ್ಕಿತ್ತು. ಕಾರಣ ಕಷ್ಟದ್ದೇನಲ್ಲ. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಓಡಾಡುವ ಜಾಗವೇ ಬೇರೆ, ಅವರ ಕಿವಿಗೆ ಬೀಳುವ ಸುದ್ದಿಯೇ ಬೇರೆ.

ಇದನ್ನೇ ಲಿಂಕ್ಡ್‌ಇನ್‌ನಲ್ಲಿ ಪರೀಕ್ಷಿಸಿ ನೋಡಿದ ಸಂಶೋಧನೆಯೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಐದು ವರ್ಷಗಳ ಪ್ರಯೋಗ, 2 ಕೋಟಿ ಬಳಕೆದಾರರು. 'ನಿಮಗೆ ಇವರು ಗೊತ್ತಿರಬಹುದು' ಅಂತ ಲಿಂಕ್ಡ್‌ಇನ್ ತೋರಿಸುವ ಹೆಸರುಗಳನ್ನು ಬೇರೆ ಬೇರೆ ರೀತಿಯಲ್ಲಿ ಬದಲಿಸಿ, ಯಾರ ಪರಿಚಯದಿಂದ ಜನ ಹೊಸ ಕೆಲಸಕ್ಕೆ ಹೋದರು ಅಂತ ನೋಡಿದರು. ಹೆಚ್ಚು ಉಪಯೋಗಕ್ಕೆ ಬಂದವರು ಆಪ್ತರೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ. ನಡುವಿನವರು. ಸುಮಾರು ಹತ್ತು ಮಂದಿ ಇಬ್ಬರಿಗೂ ಗೊತ್ತು, ಆದರೆ ಒಡನಾಟ ಇಲ್ಲ, ಅಂಥವರು. ಇನ್ನೊಂದು ಅಂಶ ನೇರವಾಗಿ ನಿಮ್ಮ ಪ್ರಶ್ನೆಗೇ ಉತ್ತರ ಕೊಡುತ್ತದೆ. ಸಾಫ್ಟ್‌ವೇರ್ ಜಾಸ್ತಿ ಇರುವ ಉದ್ಯಮಗಳಲ್ಲಿ ದೂರದ ಪರಿಚಯ ಚೆನ್ನಾಗಿ ಕೆಲಸ ಮಾಡಿತು. ಸಾಫ್ಟ್‌ವೇರ್ ಕಡಿಮೆ ಇರುವ ಉದ್ಯಮಗಳಲ್ಲಿ ಹತ್ತಿರದ ಪರಿಚಯದ ಕೈಯೇ ಮೇಲಾಯಿತು. ಅಂದರೆ ಸಾಫ್ಟ್‌ವೇರ್‌ನವರು ಮಾಡುವುದನ್ನು ನೋಡಿ ನೀವೂ ಹಾಗೇ ಮಾಡಿದರೆ ನಡೆಯುವುದಿಲ್ಲ. ನಿಮ್ಮ ಲೈನಿನಲ್ಲಿ ಲಿಂಕ್ಡ್‌ಇನ್ ಒಂದು ಕಾಲು, ವಾಟ್ಸಾಪ್ ಮತ್ತು ಫೋನ್ ಇನ್ನೊಂದು ಕಾಲು.

ಸಿಎನ್‌ಸಿ ಲೈನಿನಲ್ಲಿ ಆ ನಡುವಿನ ಜನ ಯಾರು? ಹೆಚ್ಚಿನ ಹುಡುಗರು ಎಚ್‌ಆರ್‌ಗಳಿಗೆ ರಿಕ್ವೆಸ್ಟ್ ಕಳಿಸುತ್ತಾರೆ. ಒಬ್ಬೊಬ್ಬ ಎಚ್‌ಆರ್‌ಗೂ ಅಂಥ ಸಾವಿರ ರಿಕ್ವೆಸ್ಟ್ ಬಂದಿರುತ್ತವೆ. ನನ್ನನ್ನು ಕೇಳಿದರೆ ಎಚ್‌ಆರ್‌ಗಳನ್ನು ಸದ್ಯಕ್ಕೆ ಬಿಡಿ. ಮೂರು ಬಗೆಯ ಜನರನ್ನು ಹುಡುಕಿ.

ಮೊದಲನೆಯವರು ಮೆಷಿನ್ ಕಂಪನಿಗಳ ಸರ್ವಿಸ್ ಎಂಜಿನಿಯರ್‌ಗಳು ಮತ್ತು ಅಪ್ಲಿಕೇಶನ್ ಎಂಜಿನಿಯರ್‌ಗಳು. ಏಸ್ ಡಿಸೈನರ್ಸ್, ಬಿಎಫ್‌ಡಬ್ಲ್ಯು ಥರದ ಮೆಷಿನ್ ತಯಾರಕರು ಬೆಂಗಳೂರಿನ ಪೀಣ್ಯದಲ್ಲೇ ಇದ್ದಾರೆ. ಇವರ ಎಂಜಿನಿಯರ್‌ಗಳು ದಿನಾ ಒಂದೊಂದು ವರ್ಕ್‌ಶಾಪಿಗೆ ಹೋಗುತ್ತಾರೆ. ಇವತ್ತು ಪೀಣ್ಯ, ನಾಳೆ ಬೊಮ್ಮಸಂದ್ರ, ನಾಡಿದ್ದು ಬೆಳಗಾವಿಯ ಉದ್ಯಮಬಾಗ್. ಯಾವ ಶಾಪಿನಲ್ಲಿ ಹೊಸ ಮೆಷಿನ್ ಇಳಿಯಿತು, ಯಾರ ಸೆಟ್ಟರ್ ಬಿಟ್ಟು ಹೋದ, ಯಾವ ಮಾಲೀಕರು ಎರಡನೇ ಶಿಫ್ಟ್ ಶುರು ಮಾಡಬೇಕು ಅಂತಿದ್ದಾರೆ, ಇವೆಲ್ಲ ಇವರಿಗೆ ಗೊತ್ತಿರುತ್ತವೆ. ಹೊಸ ಮೆಷಿನ್ ಬಂತು ಅಂದರೆ ಅದನ್ನು ನಡೆಸುವವರೂ ಬೇಕು. ಆ ಹುದ್ದೆಗೆ ಜಾಹೀರಾತು ಬರುವ ಮೊದಲೇ, ಎಷ್ಟೋ ಸಲ ಬಾರದೆಯೇ, ಜನ ಸೇರಿರುತ್ತಾರೆ. ಸಣ್ಣ ಶಾಪಿನ ಮಾಲೀಕರು ಮೆಷಿನ್ ಹಾಕಲು ಬಂದ ಎಂಜಿನಿಯರನ್ನೇ 'ಯಾರಾದರೂ ಒಳ್ಳೆ ಹುಡುಗರಿದ್ದರೆ ಹೇಳ್ರೀ' ಅಂತ ಕೇಳುತ್ತಾರೆ.

ಎರಡನೆಯವರು ಟೂಲಿಂಗ್, ಅಂದರೆ ಮೆಷಿನ್‌ಗೆ ಹಾಕುವ ಸಲಕರಣೆ, ಮಾರುವವರು. ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ತುದಿ), ಡ್ರಿಲ್, ಹೋಲ್ಡರ್, ಕೂಲೆಂಟ್ ಮಾರುವ ಸೇಲ್ಸ್ ಎಂಜಿನಿಯರ್‌ಗಳು, ಮೆಷಿನ್‌ಗೆ ಪ್ರೋಗ್ರಾಂ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್ ಮಾರುವವರು. ಯಾವ ಶಾಪಿನಲ್ಲಿ ಇನ್ಸರ್ಟ್ ಖರ್ಚು ಜಾಸ್ತಿಯಾಗಿದೆ ಅನ್ನುವುದು ಇವರಿಗೆ ಮೊದಲು ತಿಳಿಯುತ್ತದೆ. ಖರ್ಚು ಜಾಸ್ತಿ ಅಂದರೆ ಆರ್ಡರ್ ಜಾಸ್ತಿ, ಆರ್ಡರ್ ಜಾಸ್ತಿ ಅಂದರೆ ಜನ ಬೇಕು. ಸೇಲ್ಸ್‌ನವರು ಲಿಂಕ್ಡ್‌ಇನ್‌ನಲ್ಲಿ ತುಂಬ ಚುರುಕು. ಮಾತಾಡುವುದೇ ಅವರ ಕೆಲಸವಾದ್ದರಿಂದ ಉತ್ತರವನ್ನೂ ಕೊಡುತ್ತಾರೆ. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಐಎಂಟಿಇಎಕ್ಸ್ ಮೆಷಿನ್ ಪ್ರದರ್ಶನ ನಡೆಯುವಾಗ ಇವರೆಲ್ಲರ ಪೋಸ್ಟುಗಳು ಒಟ್ಟಿಗೆ ಸಿಗುತ್ತವೆ. ಯಾವ ಸ್ಟಾಲಿನಲ್ಲಿ ಯಾರಿದ್ದಾರೆ ಅಂತ ಅವರೇ ಫೋಟೋ ಸಮೇತ ಹಾಕುತ್ತಾರೆ. ಆ ದಿನಗಳಲ್ಲಿ ಬೆಂಗಳೂರಿಗೆ ಹೋಗಿ ಬರುವುದು ಸಾಧ್ಯವಾದರೆ ಹೋಗಿ. ಮುಖ ನೋಡಿ ಎರಡು ನಿಮಿಷ ಮಾತಾಡಿ, ಅವತ್ತೇ ರಾತ್ರಿ ರಿಕ್ವೆಸ್ಟ್ ಕಳಿಸಿದರೆ ನಿಮ್ಮ ನೆನಪು ಇರುತ್ತದೆ.

ಮೂರನೆಯವರು ನಿಮ್ಮ ಕಾಲೇಜಿನ ಸೀನಿಯರ್‌ಗಳು. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪೇಜ್ ತೆರೆದರೆ 'ಅಲುಮ್ನಿ' ಅಂತ ಒಂದು ಭಾಗ ಇದೆ. ಅಲ್ಲಿ ಯಾರು ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ ಅಂತ ಆರಿಸಿ ನೋಡಬಹುದು. ಇದು ಉಚಿತ, ಆದರೆ ಉಪಯೋಗಿಸುವವರು ಕಡಿಮೆ. ನಿಮಗಿಂತ ನಾಲ್ಕರಿಂದ ಎಂಟು ವರ್ಷ ಮುಂದಿರುವವರನ್ನು ಆರಿಸಿಕೊಳ್ಳಿ. ಅವರು ಈಗ ಶಿಫ್ಟ್ ಇನ್‌ಚಾರ್ಜ್, ಪ್ರೊಡಕ್ಷನ್, ಕ್ವಾಲಿಟಿ ಇಂಥ ಜಾಗದಲ್ಲಿರುತ್ತಾರೆ, ಇಂಟರ್ವ್ಯೂಗೂ ಕೂರುತ್ತಾರೆ. ಇಪ್ಪತ್ತು ವರ್ಷ ಸೀನಿಯರ್ ಆದವರಿಗೆ ಖಾಲಿ ಇರುವ ಸಣ್ಣ ಹುದ್ದೆಗಳ ವಿಷಯ ತಲುಪುವುದೇ ಇಲ್ಲ.

ಇವರಿಗೆ ಏನು ಬರೆಯಬೇಕು ಅನ್ನುವುದು ದೊಡ್ಡ ವಿಷಯ. 'ಸರ್, ಎನಿ ವೇಕೆನ್ಸಿ?' ಅಂತ ಬರೆಯಬೇಡಿ. ಅದಕ್ಕೆ 'ಇಲ್ಲ' ಅನ್ನುವುದೊಂದೇ ಸುಲಭದ ಉತ್ತರ. ಬಹಳಷ್ಟು ಜನ ಅಷ್ಟೂ ಹೇಳುವುದಿಲ್ಲ. ಅವರಿಗೆ ಗೊತ್ತಿರುವ, ಒಂದು ನಿಮಿಷದಲ್ಲಿ ಹೇಳಬಹುದಾದ ಒಂದು ವಿಷಯ ಕೇಳಿ. ಕನ್ನಡದವರಿಗೆ ಕನ್ನಡದಲ್ಲೇ ಬರೆಯಿರಿ. ಹೀಗೆ ಬರೆಯಬಹುದು:

'ಸರ್, ನಮಸ್ಕಾರ. ನಾನು ನಿಮ್ಮದೇ ಕಾಲೇಜಿನ 2023ರ ಮೆಕ್ಯಾನಿಕಲ್ ಬ್ಯಾಚ್. ಹುಬ್ಬಳ್ಳಿಯಲ್ಲಿ ಹದಿನಾಲ್ಕು ತಿಂಗಳು ಸಿಎನ್‌ಸಿ ಟರ್ನಿಂಗ್‌ನಲ್ಲಿ ಕೆಲಸ ಮಾಡಿದ್ದೇನೆ. ಸೆಟ್ಟಿಂಗ್ ನಾನೇ ಮಾಡುತ್ತಿದ್ದೆ, ಫಾನುಕ್ ಕಂಟ್ರೋಲ್ ಅಭ್ಯಾಸ ಇದೆ. ನೀವು ಪೀಣ್ಯದ ಶಾಪುಗಳಿಗೆ ಸರ್ವಿಸ್‌ಗೆ ಹೋಗುತ್ತೀರಿ ಅಂತ ಪ್ರೊಫೈಲಿನಲ್ಲಿ ನೋಡಿದೆ. ಸೆಟ್ಟರ್‌ಗಳಿಗೆ ಪ್ರೋಗ್ರಾಮಿಂಗ್ ಕಲಿಯಲು ಅವಕಾಶ ಕೊಡುವ ಶಾಪುಗಳು ಯಾವುವು ಅಂತ ತಿಳಿಸಬಹುದಾ? ಅಲ್ಲಿಗೆ ನಾನೇ ಹೋಗಿ ವಿಚಾರಿಸುತ್ತೇನೆ.'

ಇದರಲ್ಲಿ ನೀವು ಯಾರು, ಏನು ಬರುತ್ತದೆ, ಅವರನ್ನೇ ಯಾಕೆ ಕೇಳುತ್ತಿದ್ದೀರಿ ಅನ್ನುವುದು ಇದೆ. ಅವರ ಮೇಲೆ ಭಾರ ಹಾಕಿಲ್ಲ. ಕೊನೆಯ ಸಾಲು ಮುಖ್ಯ. ಕೆಲಸ ಕೊಡಿಸಿ ಅಂತ ಕೇಳಿದರೆ ಜನ ಹಿಂಜರಿಯುತ್ತಾರೆ. ದಾರಿ ತೋರಿಸಿ, ನಾನೇ ಹೋಗುತ್ತೇನೆ ಅಂದರೆ ಎಷ್ಟೋ ಮಂದಿ ತಾವೇ ಒಂದು ಫೋನ್ ಮಾಡಿ ಹೇಳುತ್ತಾರೆ. ಸೆಟ್ಟಿಂಗ್ ನೀವೇ ಮಾಡಿಲ್ಲ ಅಂತಾದರೆ ಆ ಸಾಲನ್ನು ಬರೆಯಬೇಡಿ. ಇಂಟರ್ವ್ಯೂನಲ್ಲಿ ನಿಮ್ಮನ್ನು ಮೆಷಿನ್ ಮುಂದೆಯೇ ನಿಲ್ಲಿಸುತ್ತಾರೆ.

ಉಚಿತ ಖಾತೆಯಲ್ಲಿ ರಿಕ್ವೆಸ್ಟ್ ಜೊತೆ ನೋಟ್ ಬರೆಯಲು ತಿಂಗಳಿಗೆ ಕೆಲವೇ ಅವಕಾಶ ಇರುತ್ತವೆ. ಅವನ್ನು ತೀರಾ ಬೇಕಾದವರಿಗೆ ಉಳಿಸಿಕೊಳ್ಳಿ. ಉಳಿದವರಿಗೆ ಸುಮ್ನೆ ರಿಕ್ವೆಸ್ಟ್ ಕಳಿಸಿ, ಒಪ್ಪಿಕೊಂಡ ದಿನ ಮೆಸೇಜ್ ಬರೆಯಿರಿ. ಇದಕ್ಕಾಗಿ ಪ್ರೀಮಿಯಂಗೆ ದುಡ್ಡು ಕಟ್ಟುವ ಅಗತ್ಯ ಇಲ್ಲ. ದಿನಕ್ಕೆ ಮೂರು ನಾಲ್ಕು ಮಂದಿಗೆ ಬರೆದರೆ ಸಾಕು. ವಾರ ಕಳೆದರೂ ಉತ್ತರ ಬಾರದಿದ್ದರೆ ಒಂದು ಸಲ ನೆನಪಿಸಿ, ಮತ್ತೆ ಬಿಟ್ಟುಬಿಡಿ. ಉತ್ತರ ಕೊಟ್ಟವರು ಹೇಳಿದ ಶಾಪಿಗೆ ನಿಜವಾಗಿ ಹೋಗಿ, ಏನಾಯಿತು ಅಂತ ಅವರಿಗೆ ತಿಳಿಸಿ. ಇದನ್ನು ಮಾಡುವವರು ತೀರಾ ಕಡಿಮೆ. ಹಾಗೆ ತಿಳಿಸಿದವರನ್ನು ಯಾರೂ ಮರೆಯುವುದಿಲ್ಲ. ಮುಂದಿನ ಸಲ ಖಾಲಿ ಹುದ್ದೆಯ ಸುದ್ದಿ ಬಂದಾಗ ಅವರೇ ನಿಮಗೆ ಫೋನ್ ಮಾಡುತ್ತಾರೆ.

ದೊಡ್ಡ ಕಂಪನಿಯಲ್ಲಿರುವ ಸೀನಿಯರ್ ಜೊತೆ ಒಂದೆರಡು ಸಲ ಮಾತಾದ ಮೇಲೆ 'ರೆಫರಲ್ ಕೊಡಲು ಸಾಧ್ಯವೇ ಸರ್' ಅಂತ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟೋ ಕಂಪನಿಗಳಲ್ಲಿ ಸೂಚಿಸಿದ ವ್ಯಕ್ತಿ ಸೇರಿದರೆ ಸೂಚಿಸಿದವರಿಗೆ ಬೋನಸ್ ಸಿಗುತ್ತದೆ. ಕೇಳುವಾಗ ಹುದ್ದೆಯ ನಂಬರ್, ಅದರ ಲಿಂಕ್, ನಿಮ್ಮ ರೆಸ್ಯೂಮೆ ಮೂರನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. ಅವರು ಹುಡುಕುವಂತೆ ಮಾಡಬೇಡಿ.

ಈಗ ಪ್ರೊಫೈಲ್. ನಿಮ್ಮ ಮೆಸೇಜ್ ನೋಡಿದವರು ಮೊದಲು ನಿಮ್ಮ ಹೆಸರಿನ ಮೇಲೆ ಒತ್ತುತ್ತಾರೆ. ಪ್ರೊಫೈಲ್ ಇಂಗ್ಲಿಷಿನಲ್ಲೇ ಇರಲಿ. ಕಾರಣ ಇಷ್ಟೇ, ಹುಡುಕುವವರು ಇಂಗ್ಲಿಷ್ ಪದಗಳನ್ನೇ ಟೈಪ್ ಮಾಡುತ್ತಾರೆ. 'ಸಿಎನ್‌ಸಿ ಸೆಟ್ಟರ್', 'ವಿಎಂಸಿ ಪ್ರೋಗ್ರಾಮರ್', 'ಫಾನುಕ್', 'ಹುಬ್ಬಳ್ಳಿ'. ಆ ಪದ ನಿಮ್ಮ ಪ್ರೊಫೈಲಿನಲ್ಲಿ ಇಲ್ಲ ಅಂದರೆ ನೀವು ಅವರಿಗೆ ಕಾಣುವುದೇ ಇಲ್ಲ. ಹೆಸರಿನ ಕೆಳಗಿನ ಹೆಡ್‌ಲೈನಿಗೆ 220 ಅಕ್ಷರಗಳ ಜಾಗ ಇದೆ. ಬಹಳಷ್ಟು ಹುಡುಗರು ಅಲ್ಲಿ 'ಅವಕಾಶಕ್ಕಾಗಿ ಹುಡುಕುತ್ತಿದ್ದೇನೆ', 'ಶ್ರಮಜೀವಿ' ಅಂತೆಲ್ಲ ಬರೆದಿರುತ್ತಾರೆ. ಆ ಪದಗಳನ್ನು ಹಾಕಿ ಯಾರೂ ಹುಡುಕುವುದಿಲ್ಲ. 'ಸಿಎನ್‌ಸಿ ಟರ್ನಿಂಗ್ ಸೆಟ್ಟರ್, ಫಾನುಕ್, 14 ತಿಂಗಳ ಅನುಭವ, ಬಿ.ಇ. ಮೆಕ್ಯಾನಿಕಲ್, ಬೆಂಗಳೂರು ಮತ್ತು ಹುಬ್ಬಳ್ಳಿಗೆ ಸಿದ್ಧ' ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಇದಕ್ಕೆ ವ್ಯಾಕರಣವೇ ಬೇಡ, ಬರೀ ಪದಗಳು.

ಅನುಭವದ ಕೆಳಗೆ, ದಿನಾ ಮಾಡುತ್ತಿದ್ದದ್ದನ್ನು ಒಂದೊಂದೇ ಸಾಲಿನಲ್ಲಿ ಬರೆಯಿರಿ. ಯಾವ ಲೋಹ, ಎಷ್ಟು ಟಾಲರೆನ್ಸ್, ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಯಾರು ಮಾಡುತ್ತಿದ್ದರು, ಮೈಕ್ರೋಮೀಟರ್, ಬೋರ್ ಗೇಜ್ ಹಿಡಿಯಲು ಬರುತ್ತಾ, ಡ್ರಾಯಿಂಗ್ ಓದಲು ಬರುತ್ತಾ, ಆಫ್‌ಸೆಟ್ ಹಾಕುತ್ತಿದ್ದಿರಾ, ಸೈಕಲ್ ಟೈಮ್ ಎಲ್ಲಾದರೂ ಇಳಿಸಿದ್ದೀರಾ. ನಮ್ಮ ಶಾಪ್ ಸಣ್ಣದು, ಹೇಳಿಕೊಳ್ಳುವಂಥದ್ದೇನಿಲ್ಲ ಅಂತ ಅಂದುಕೊಳ್ಳಬೇಡಿ. ಸಣ್ಣ ಶಾಪಿನಲ್ಲಿ ಒಬ್ಬನೇ ಲೋಡಿಂಗ್, ಸೆಟ್ಟಿಂಗ್, ತಪಾಸಣೆ ಎಲ್ಲ ಮಾಡಿರುತ್ತಾನೆ. ದೊಡ್ಡ ಕಾರ್ಖಾನೆಯಲ್ಲಿ ಎರಡು ವರ್ಷ ಒಂದೇ ಬಟನ್ ಒತ್ತಿದವನಿಗಿಂತ ಅವನನ್ನು ನಾನು ಮೊದಲು ಕರೆಯುತ್ತಿದ್ದೆ.

ಒಂದು ಎಚ್ಚರಿಕೆ. ಹಳೆಯ ಶಾಪಿನ ಡ್ರಾಯಿಂಗ್, ಪಾರ್ಟ್ ಫೋಟೋ, ಗಿರಾಕಿ ಕಂಪನಿಯ ಹೆಸರು ಹಾಕಬೇಡಿ. ಅದು ಅವರ ಗುಟ್ಟು. ಹೊಸ ಮಾಲೀಕರು ಅದನ್ನು ನೋಡಿದರೆ, ನಾಳೆ ನಮ್ಮದನ್ನೂ ಹೀಗೇ ಹಾಕುತ್ತಾನೆ ಅಂದುಕೊಳ್ಳುತ್ತಾರೆ. ನಿಮ್ಮ ಕೈಕೆಲಸ ತೋರಿಸಬೇಕೆಂದರೆ ನೀವೇ ಒಂದು ಪಾರ್ಟ್ ಕಲ್ಪಿಸಿ, ಕ್ಯಾಡ್‌ನಲ್ಲಿ ಬರೆದು, ಅದಕ್ಕೆ ಪ್ರೋಗ್ರಾಂ ಬರೆದು ಹಾಕಿ.

ಕೆಲಸ ಬಿಟ್ಟ ಅವಧಿಯ ಬಗ್ಗೆ ನಿಮಗೆ ಅಳುಕು ಇರಬಹುದು. ಮುಚ್ಚಿಡಬೇಡಿ. 2022ರಿಂದ ಲಿಂಕ್ಡ್‌ಇನ್‌ನಲ್ಲೇ 'ಕರಿಯರ್ ಬ್ರೇಕ್' ಅಂತ ಹಾಕುವ ವ್ಯವಸ್ಥೆ ಇದೆ, ಮನೆಯವರ ಆರೈಕೆ ಅನ್ನುವ ಕಾರಣವನ್ನೂ ಆರಿಸಬಹುದು. ಅಪ್ಪನ ಆಪರೇಷನ್‌ಗೆ ಊರಿಗೆ ಬಂದೆ, ಈಗ ಹುಷಾರಾಗಿದ್ದಾರೆ, ತಕ್ಷಣ ಸೇರಬಲ್ಲೆ ಅಂತ ಹೇಳಿದರೆ ಸಾಕು. ಇದು ತಲೆ ತಗ್ಗಿಸುವ ವಿಷಯ ಅಲ್ಲವೇ ಅಲ್ಲ. ಏಳು ತಿಂಗಳಲ್ಲಿ ಏನು ಕಲಿತಿರಿ ಅಂತ ಮಾತ್ರ ಕೇಳುತ್ತಾರೆ. ಮೆಷಿನ್ ಕೆಲಸ ಕಲಿಸುವ ಸರ್ಕಾರದ ಜಿಟಿಟಿಸಿ ತರಬೇತಿ ಕೇಂದ್ರ ಹುಬ್ಬಳ್ಳಿಯಲ್ಲೂ ಹರಿಹರದಲ್ಲೂ ಇದೆ, ಎರಡೂ ನಿಮಗೆ ದೂರವಲ್ಲ. ಕಡಿಮೆ ಅವಧಿಯ ಕೋರ್ಸ್ ಯಾವುದಿದೆ ಅಂತ ವಿಚಾರಿಸಿ ನೋಡಿ.

'ಓಪನ್ ಟು ವರ್ಕ್' ಆನ್ ಮಾಡಿ. ಫೋಟೋ ಸುತ್ತ ಹಸಿರು ಪಟ್ಟಿ ಹಾಕಿಕೊಂಡರೆ ಗೌರವ ಕಡಿಮೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈಗ ಕೆಲಸದಲ್ಲಿದ್ದು ಗುಟ್ಟಾಗಿ ಹುಡುಕುವವರು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಲಿ. ನಿಮಗೆ ಮುಚ್ಚಿಡಬೇಕಾದ್ದು ಏನೂ ಇಲ್ಲ.

ಹುಡುಕುವ ರೀತಿಯನ್ನೂ ಬದಲಿಸಿ. 'ಜಾಬ್ಸ್' ವಿಭಾಗ ಒಂದನ್ನೇ ನೋಡಬೇಡಿ. ಮೇಲಿನ ಹುಡುಕಾಟದಲ್ಲಿ 'ಸಿಎನ್‌ಸಿ ಸೆಟ್ಟರ್ ಪೀಣ್ಯ' ಅಂತ ಇಂಗ್ಲಿಷಿನಲ್ಲಿ ಹಾಕಿ, 'ಪೋಸ್ಟ್ಸ್' ಆರಿಸಿ, ಕಳೆದ ವಾರದ್ದು ಮಾತ್ರ ನೋಡಿ. ಪೀಣ್ಯದ ಜಾಗದಲ್ಲಿ ಬೊಮ್ಮಸಂದ್ರ, ಜಿಗಣಿ, ಹಾರೋಹಳ್ಳಿ, ನರಸಾಪುರ, ಬೆಳಗಾವಿ ಹಾಕಿ. ಸೂಪರ್‌ವೈಸರ್‌ಗಳು, ಸಣ್ಣ ಮಾಲೀಕರು ತಮ್ಮ ಪ್ರೊಫೈಲಿನ ಪೋಸ್ಟಿನಲ್ಲಿ 'ಜನ ಬೇಕಾಗಿದ್ದಾರೆ' ಅಂತ ನಾಲ್ಕು ಸಾಲು ಬರೆದಿರುತ್ತಾರೆ. ಅದು ಜಾಬ್ಸ್ ವಿಭಾಗಕ್ಕೆ ಬರುವುದೇ ಇಲ್ಲ. ಅಲ್ಲಿ ಫೋನ್ ನಂಬರ್ ಇದ್ದರೆ ಕಾಮೆಂಟಿನಲ್ಲಿ 'ಇಂಟರೆಸ್ಟೆಡ್' ಅಂತ ಬರೆದು ಕೂರಬೇಡಿ, ಅವತ್ತೇ ಫೋನ್ ಮಾಡಿ.

ಇನ್ನೊಂದು ಕಾಲು, ವಾಟ್ಸಾಪ್. ನಿಮ್ಮ ಹುಬ್ಬಳ್ಳಿ ಶಾಪಿನ ಸೂಪರ್‌ವೈಸರ್, ಜೊತೆಯ ಆಪರೇಟರ್‌ಗಳು, ಐಟಿಐ ಹುಡುಗರು, ಕಾಲೇಜಿನ ಬ್ಯಾಚ್ ಗ್ರೂಪು. ಇವರಲ್ಲಿ ಎಷ್ಟು ಮಂದಿಗೆ ನೀವು ಕೆಲಸ ಹುಡುಕುತ್ತಿದ್ದೀರಿ ಅಂತ ಗೊತ್ತು? ಕೆಲಸ ಇಲ್ಲ ಅಂತ ಹೇಳಿಕೊಳ್ಳಲು ಸಂಕೋಚ ಅಲ್ವಾ. ಅದರಿಂದಲೇ ಎಷ್ಟೋ ಜನ ಅವಕಾಶ ಕಳೆದುಕೊಳ್ಳುತ್ತಾರೆ. ಗ್ರೂಪಿಗೆ ಒಂದೇ ಸಲ ಹಾಕುವ ಬದಲು ಒಬ್ಬೊಬ್ಬರಿಗೇ ಬೇರೆಯಾಗಿ ಬರೆಯಿರಿ. ಗ್ರೂಪಿಗೆ ಹಾಕಿದ್ದನ್ನು ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಬಿಡುತ್ತಾರೆ. ರೆಸ್ಯೂಮೆಯನ್ನು ಫೋಟೋ ತೆಗೆದು ಕಳಿಸಬೇಡಿ, ಪಿಡಿಎಫ್ ಕಳಿಸಿ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು ಮತ್ತು 'ಸಿಎನ್‌ಸಿ' ಅಂತ ಇರಲಿ. ಪಾಪ, ಅವರ ಫೋನಿನಲ್ಲಿ 'ರೆಸ್ಯೂಮೆ' ಅನ್ನುವ ಹೆಸರಿನ ಫೈಲುಗಳು ಹತ್ತಾರು ಇರುತ್ತವೆ. ಟ್ರೂಕಾಲರ್‌ನಲ್ಲಿ ನಿಮ್ಮ ನಂಬರಿಗೆ ಯಾವ ಹೆಸರು ಬರುತ್ತದೆ ಅಂತಲೂ ಒಮ್ಮೆ ನೋಡಿ, ಯಾರೋ ತಮಾಷೆಗೆ ಇಟ್ಟ ಹೆಸರಿದ್ದರೆ ಸರಿ ಮಾಡಿ. ಸಣ್ಣ ಶಾಪಿನ ಮಾಲೀಕರು ಲಿಂಕ್ಡ್‌ಇನ್ ನೋಡದಿರಬಹುದು. ಫೋನ್ ಬಂದಾಗ ಕಾಣುವ ಹೆಸರನ್ನೂ ವಾಟ್ಸಾಪ್ ಫೋಟೋವನ್ನೂ ಖಂಡಿತ ನೋಡುತ್ತಾರೆ.

ಈಗ ಆ 2,500 ರೂಪಾಯಿ. ಕೆಲಸ ಕೊಡುವ ಕಂಪನಿ ಕೆಲಸಕ್ಕೆ ಬರುವವರಿಂದ ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಗೇಟ್ ಪಾಸ್, ಮೆಡಿಕಲ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಿನಲ್ಲಿ ಮೊದಲೇ ದುಡ್ಡು ಕೇಳಿದರೂ ಅಲ್ಲಿಗೆ ನಿಲ್ಲಿಸಿ. ದೊಡ್ಡ ಕಂಪನಿಗಳು ಹಣ ಕೇಳುವುದಿಲ್ಲ ಅಂತ ತಮ್ಮ ವೆಬ್‌ಸೈಟಿನಲ್ಲೇ ಬರೆದು ಹಾಕಿವೆ. ಬಿಡದಿಯ ಯಾವ ಕಂಪನಿ ಅಂತ ಕೇಳಿ, ಆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಟೆಲಿಗ್ರಾಂನವರು ಕೊಟ್ಟ ನಂಬರಿಗೆ ಮಾಡಬೇಡಿ. ಆಫರ್ ಲೆಟರ್ ಬಂದರೂ ಇಮೇಲ್ ಯಾವ ವಿಳಾಸದಿಂದ ಬಂತು ಅಂತ ನೋಡಿ. ಲೋಗೋ ಕಾಪಿ ಮಾಡುವುದು ಎರಡು ನಿಮಿಷದ ಕೆಲಸ.

ಗೊತ್ತಿಲ್ಲದ ಸಣ್ಣ ಕಂಪನಿಯಾದರೆ ಇನ್ನೊಂದು ಉಪಾಯ ಇದೆ. ನೌಕರರ ಭವಿಷ್ಯ ನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವ ಸೌಲಭ್ಯ ಇದೆ. ಸಂಸ್ಥೆ ಪಿಎಫ್ ಕಟ್ಟುತ್ತಿದೆಯಾ ಅನ್ನುವುದು ಅಲ್ಲಿ ಕಾಣುತ್ತದೆ. 20ಕ್ಕಿಂತ ಕಡಿಮೆ ಜನರಿರುವ ಶಾಪುಗಳಿಗೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯ ಅಲ್ಲ, ಹಾಗಾಗಿ ಅಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ಮೋಸ ಅಂತ ತೀರ್ಮಾನಿಸಬೇಡಿ. ಆದರೆ 'ನಮ್ಮಲ್ಲಿ 500 ಜನ ಇದ್ದಾರೆ' ಅನ್ನುವ ಕಂಪನಿಯ ಹೆಸರು ಅಲ್ಲಿ ಕಾಣದಿದ್ದರೆ ಅನುಮಾನ ಪಡಲೇಬೇಕು.

ನಿಮ್ಮ ತಂಗಿಗೆ ಬರುತ್ತಿರುವ ಮೆಸೇಜ್ ಇದಕ್ಕಿಂತ ಅಪಾಯದ್ದು. ಇದು ನಡೆಯುವ ರೀತಿ ಹೀಗೆ. ಮೊದಲು ವಿಡಿಯೋಗೆ ಲೈಕ್ ಒತ್ತುವುದು, ಹೋಟೆಲಿಗೆ ರೇಟಿಂಗ್ ಕೊಡುವುದು ಇಂಥ ಸುಲಭದ ಕೆಲಸ ಕೊಡುತ್ತಾರೆ. ಖಾತೆಗೆ ನಿಜವಾಗಿ ನೂರಿನ್ನೂರು ರೂಪಾಯಿ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಟೆಲಿಗ್ರಾಂ ಗ್ರೂಪಿಗೆ ಸೇರಿಸುತ್ತಾರೆ. ಅಲ್ಲಿ ಬೇರೆಯವರೆಲ್ಲ ಸಾವಿರಗಟ್ಟಲೆ ಗಳಿಸಿದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ, ಅವರೂ ಅದೇ ಗುಂಪಿನವರು. ಮುಂದಿನ ಟಾಸ್ಕಿಗೆ ನೀವೇ ಮೊದಲು ದುಡ್ಡು ಹಾಕಬೇಕು ಅನ್ನುತ್ತಾರೆ. ಹಾಕಿದ ಮೇಲೆ ವಾಪಸ್ ಬರುವುದಿಲ್ಲ. ಹಾಕಿದ್ದನ್ನು ಬಿಡಿಸಿಕೊಳ್ಳಲು ಇನ್ನಷ್ಟು ಹಾಕಿ ಅನ್ನುತ್ತಾರೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಥ 100ಕ್ಕೂ ಹೆಚ್ಚು ವೆಬ್‌ಸೈಟುಗಳನ್ನು ಮುಚ್ಚಿಸಿತು, ಆದರೂ ಬೇರೆ ಹೆಸರಿನಲ್ಲಿ ಬರುತ್ತಲೇ ಇವೆ. ಡೇಟಾ ಎಂಟ್ರಿಯ ಇನ್ನೊಂದು ಬಗೆಯಲ್ಲಿ ಅಗ್ರಿಮೆಂಟ್ ಕಳಿಸುತ್ತಾರೆ. ಆಮೇಲೆ ತಪ್ಪು ಟೈಪ್ ಮಾಡಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ಅಂತ ಹೆದರಿಸುತ್ತಾರೆ. ಹೆದರಬೇಡ ಅಂತ ತಂಗಿಗೆ ಹೇಳಿ.

ಬ್ಯಾಂಕ್ ಖಾತೆ ಕೊಡಿ, ನಿಮ್ಮ ಖಾತೆಗೆ ಬಂದ ಹಣವನ್ನು ಮುಂದಕ್ಕೆ ಕಳಿಸಿದರೆ ಕಮಿಷನ್ ಅಂದರೆ ಅದು ಕೆಲಸವಲ್ಲ, ಬೇರೆಯವರಿಂದ ಕದ್ದ ಹಣ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವರನ್ನೇ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಹಾಕಿ. ಬೇಗ ಹೇಳಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಮನೆಯಲ್ಲಿ ಬೈಯುತ್ತಾರೆ ಅಂತ ಎರಡು ದಿನ ಸುಮ್ಮನಿದ್ದರೆ ಅದು ಕೈತಪ್ಪಿ ಹೋಗುತ್ತದೆ.

ಥಾಯ್ಲೆಂಡ್, ಕಾಂಬೋಡಿಯಾದಲ್ಲಿ ಕಂಪ್ಯೂಟರ್ ಕೆಲಸ, ಟಿಕೆಟ್ ನಾವೇ ಕೊಡುತ್ತೇವೆ ಅಂತ ಮೆಸೇಜ್ ಬಂದರೆ ಇಬ್ಬರೂ ದೂರ ಇರಿ. ಹೀಗೆ ಹೋದವರನ್ನು ಗಡಿ ದಾಟಿಸಿ ಕೂಡಿಹಾಕಿ, ಅವರಿಂದಲೇ ಸೈಬರ್ ಮೋಸ ಮಾಡಿಸುತ್ತಾರೆ. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್‌ನ ಮ್ಯಾವಡಿ ಕಡೆಯ ಇಂಥ ಕೇಂದ್ರಗಳಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಹೊರದೇಶದ ಕೆಲಸ ಬೇಕೆಂದರೆ ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ಅಂತ ಮೊದಲು ನೋಡಿ.

ಇನ್ನು ದಾಖಲೆಗಳು. ಇಂಟರ್ವ್ಯೂ ಆಗುವ ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಗುರುತಿಗೆ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೇಲೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ ವಾಪಸ್ ತೆಗೆದುಕೊಳ್ಳಿ, ಬಿಟ್ಟು ಬರಬೇಡಿ.

ಕೊನೆಗೆ ಇಂಗ್ಲಿಷ್. ನಿಮ್ಮ ಕೆಲಸಕ್ಕೆ ಬೇಕಾದ ಇಂಗ್ಲಿಷ್ ನಿಮಗೆ ಆಗಲೇ ಗೊತ್ತಿದೆ. ಚಕ್, ಟರೆಟ್, ಆಫ್‌ಸೆಟ್, ರನೌಟ್, ಇನ್ಸರ್ಟ್, ಬರ್, ಇವೆಲ್ಲ ನೀವು ದಿನಾ ಆಡಿದ ಮಾತು. ಇದನ್ನು ಮಾಡಿದೆ, ಅದನ್ನು ಅಳೆದೆ, ಇಷ್ಟು ಬಂತು ಅಂತ ಸಣ್ಣ ವಾಕ್ಯದಲ್ಲಿ ಬರೆದರೆ ಸಾಕು. ಎಐ ಆ್ಯಪ್‌ಗಳಿಂದ ತಿದ್ದಿಸಿಕೊಳ್ಳಬಹುದು. ಆದರೆ ನೀವೇ ಬಾಯಿಬಿಟ್ಟು ಓದಲಾಗದ ದೊಡ್ಡ ಪದ ಬಂದರೆ ತೆಗೆದುಹಾಕಿ. ಇಂಟರ್ವ್ಯೂನಲ್ಲಿ ಅದರ ಬಗ್ಗೆಯೇ ಕೇಳುತ್ತಾರೆ. ಪೋಸ್ಟ್ ಬರೆಯುವುದಾದರೆ ಕನ್ನಡದಲ್ಲೇ ಬರೆಯಬಹುದು. ಬೋರ್ ಸೈಜ್ ಸರಿಯಾಗಿ ಬರದೆ ಕಾಡಿದ್ದು, ಕಾರಣ ಹೇಗೆ ಹುಡುಕಿದಿರಿ ಅಂತ ಹತ್ತು ಸಾಲು ಬರೆದರೆ, ಅದೇ ತೊಂದರೆ ಅನುಭವಿಸಿದ ಸೂಪರ್‌ವೈಸರ್ ಒಬ್ಬರು ಬಂದು ಕಾಮೆಂಟ್ ಹಾಕುತ್ತಾರೆ. ಅವರ ಜೊತೆ ಮಾತು ಮುಂದುವರಿಸಿ.

ಈ ವಾರ ಈಸಿ ಅಪ್ಲೈ ಬಿಡಿ. ಮೊದಲು ಹುಬ್ಬಳ್ಳಿಯ ನಿಮ್ಮ ಹಳೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಅಪ್ಪನ ಆರೋಗ್ಯದ ಸುದ್ದಿ ಹೇಳಿ, ಮತ್ತೆ ಕೆಲಸಕ್ಕೆ ಬರಲು ಸಿದ್ಧ ಅಂತ ತಿಳಿಸಿ. ನಿಮ್ಮ ಶಾಪಿಗೆ ಮೆಷಿನ್ ಸರ್ವಿಸ್‌ಗೆ ಬರುತ್ತಿದ್ದ ಎಂಜಿನಿಯರ್ ನಂಬರನ್ನೂ ಅವರಿಂದಲೇ ತೆಗೆದುಕೊಳ್ಳಿ.